ಆಂಬ್ರೋಸ್ ಲಾರೋಕ್ ಹೊಡೆದ ಏಟು

ಆಂಬ್ರೋಸ್ ಲಾರೋಕ್ ಒಬ್ಬ ಮನುಷ್ಯನನ್ನು ಬರಿಗೈಯಲ್ಲಿ ಕೊಂದು ನಮ್ಮ ಜೈಲಿಗೆ ಬಂದವನು. ಸತ್ತವನು ಅವನ ತಂಗಿ ಡೆಲ್ಫಿನ್‌ಳ ಗಂಡ. ಕುಡಿದು ಬಂದು ಅವಳ ತಲೆಯನ್ನು ಒಲೆಯ ಮೂಲೆಗೆ ಜಜ್ಜಿದ್ದ. ಅವಳು ಹೇಗೋ ಉಳಿದುಕೊಂಡಳು. ಆಂಬ್ರೋಸ್‌ಗೆ ಸುದ್ದಿ ಮುಟ್ಟಿದಾಗ ಆ ಭೂಪ ಹೆಪ್ಪುಗಟ್ಟಿದ ಕೆರೆಯ ಮೇಲೆ ತೂತು ಕೊರೆದು, ಏನೂ ಆಗಿಲ್ಲವೆಂಬಂತೆ ಮೀನು ಹಿಡಿಯುತ್ತ ಕೂತಿದ್ದನಂತೆ. ಆಂಬ್ರೋಸ್ ಮಂಜಿನ ಮೇಲೆ ನಡೆದುಕೊಂಡೇ ಹೋದ. "ಮೊದಲ ಏಟಿಗೇ ಅವನು ಬಿದ್ದ. ನಾನು ನಿಲ್ಲಿಸಲಿಲ್ಲ" ಎಂದು ಕೋರ್ಟಿನಲ್ಲಿ ತಾನೇ ಹೇಳಿದ. ವಕೀಲನಿಗೆ ವಾದಿಸಲು ಏನೂ ಉಳಿಯಲಿಲ್ಲ.

ನಾನು ಬ್ಯಾಂಕ್ ದರೋಡೆಯಲ್ಲಿ ಸಿಕ್ಕಿಬಿದ್ದು ಒಳಗೆ ಹೋದಾಗ ಅವನು ಅಲ್ಲಿ ಹಳಬನಾಗಿದ್ದ. ಬಿಳಿಯರೂ ಮೂಲನಿವಾಸಿಗಳೂ ಬೆರೆತ ಅವನ ಮೇಟಿ ಜನ ಅಜ್ಜನನ್ನು ಮೂಶಮ್ ಎಂದು ಕರೆಯುತ್ತಾರೆ. ಜೈಲಿನಲ್ಲಿ ಬಿಳಿಯರು, ಕ್ರೀ ಬುಡಕಟ್ಟಿನವರು, ಎಲ್ಲರೂ ಅವನನ್ನು ಹಾಗೇ ಕರೆಯುತ್ತಿದ್ದೆವು. ಅವನಿಗೆ ಅಜ್ಜನಾಗುವಷ್ಟು ವಯಸ್ಸೇನೂ ಆಗಿರಲಿಲ್ಲ. ಆದರೆ ಹೊಡೆದಾಟ ಶುರುವಾದಾಗ ಅವನು ಎದ್ದು ನಿಂತರೆ ಸಾಕು, ಅರ್ಧ ಜನ ಕೂತುಬಿಡುತ್ತಿದ್ದರು.

ಸಸ್ಕ್ಯಾಚೆವನ್ನಿನ ಬಯಲಲ್ಲಿ ನಮ್ಮ ಜೈಲು. ಅದರ ಹಿಂಬದಿಯ ಉದ್ದನೆಯ ಕೊಠಡಿಯಲ್ಲಿ ಕಂಪ್ಯೂಟರ್ ಕೆಲಸ ನಡೆಯುತ್ತಿತ್ತು. ಕಚೇರಿಗಳು ಬಿಸಾಡಿದ ಹಳೇ ಕಂಪ್ಯೂಟರುಗಳು ಲಾರಿಯಲ್ಲಿ ಬರುತ್ತಿದ್ದವು. ನಾವು ಬಿಚ್ಚಿ, ಒರೆಸಿ, ಒಂದರ ಕೈಕಾಲು ಇನ್ನೊಂದಕ್ಕೆ ಜೋಡಿಸಿ, ಓಡುವಂತೆ ಮಾಡಿ ಹಳ್ಳಿ ಶಾಲೆಗಳಿಗೆ ಕಳಿಸುತ್ತಿದ್ದೆವು. ಜೈಲಿಗೆ ಬರುವ ಮೊದಲು ಟಿವಿ ರಿಪೇರಿ ಮಾಡುತ್ತಿದ್ದ ಆಂಬ್ರೋಸನೇ ಅಲ್ಲಿ ನಮಗೆಲ್ಲ ಮೇಷ್ಟ್ರು.

ಚಳಿಗಾಲದಲ್ಲಿ ನಮ್ಮ ಗಾಳಿಯಲ್ಲಿ ಒಂದು ತೊಟ್ಟು ತೇವ ಇರುವುದಿಲ್ಲ. ಕಂಬಳಿ ಎಳೆದರೆ ಕಿಡಿ, ಬಾಗಿಲ ಹಿಡಿ ಮುಟ್ಟಿದರೆ ಚುರುಕ್. ಮೈಮೇಲೆ ಹೀಗೆ ಕೂಡಿಕೊಳ್ಳುವ ಕರೆಂಟು ನಮಗೆ ಏನೂ ಮಾಡುವುದಿಲ್ಲ, ಕಂಪ್ಯೂಟರಿನ ಚಿಪ್‌ಗಳನ್ನು ಮಾತ್ರ ಸುಟ್ಟುಹಾಕುತ್ತದೆ. "ನಿಂಗೆ ಚುರುಕ್ ಅಂದಿದ್ದು ಗೊತ್ತಾಗುತ್ತೆ, ಬಾಯಿ ಬಡ್ಕೋತೀಯ. ಅದಕ್ಕೆ ಬಾಯಿಲ್ಲ, ಸುಮ್ನೆ ಸತ್ತುಹೋಗುತ್ತೆ" ಅನ್ನುತ್ತಿದ್ದ ಆಂಬ್ರೋಸ್. ಅವನ ಕಟ್ಟುನಿಟ್ಟು ಬೇಸರ ಬರಿಸುವಷ್ಟಿತ್ತು. ಮೊದಲು ಪ್ಲಗ್ ಕೀಳಬೇಕು. ಆಮೇಲೆ ಸ್ವಿಚ್ಚನ್ನು ಒತ್ತಿ ಒಳಗೆ ಉಳಿದ ಕರೆಂಟನ್ನು ಖಾಲಿ ಮಾಡಬೇಕು. ಕೈಗೆ ಪಟ್ಟಿ ಕಟ್ಟಿಕೊಳ್ಳಬೇಕು. ಮದರ್‌ಬೋರ್ಡನ್ನು ಅಂಚಿನಲ್ಲೇ ಹಿಡಿಯಬೇಕು. ಪವರ್ ಸಪ್ಲೈ ಡಬ್ಬವನ್ನು ಯಾರೂ ಬಿಚ್ಚಕೂಡದು, ಪ್ಲಗ್ ಕಿತ್ತ ಮೇಲೂ ಅದರ ಹೊಟ್ಟೆಯಲ್ಲಿ ಆಳು ಬೀಳಿಸುವಷ್ಟು ಕರೆಂಟು ಕೂತಿರುತ್ತದೆ.

ಕೈಪಟ್ಟಿಯೆಂದರೆ ವಾಚಿನ ಪಟ್ಟಿಯಂಥದು. ಅದರಿಂದ ಸುರುಳಿ ವಯರೊಂದು ಹೋಗಿ ಮೇಜಿನ ಕೆಳಗೆ ಅರ್ಥಿಂಗಿಗೆ ಸೇರುತ್ತದೆ. ಮೇಜಿನ ಉಕ್ಕನ್ನೂ ಅದಕ್ಕೇ ಸೇರಿಸಿರುತ್ತಾರೆ. ಮೈಮೇಲಿನ ಕಿಡಿಯೆಲ್ಲ ಸದ್ದಿಲ್ಲದೆ ನೆಲಕ್ಕಿಳಿದುಹೋಗುತ್ತದೆ. ಅಕಸ್ಮಾತ್ ಗೋಡೆಯ ಕರೆಂಟೇ ತಗುಲಿದರೂ ಪಟ್ಟಿ ಕಟ್ಟಿದವನು ಸಾಯದಿರಲೆಂದು ವಯರಿನೊಳಗೆ ಅದನ್ನು ತಡೆಯುವ ಪುಟ್ಟ ರೆಸಿಸ್ಟರ್ ಒಂದು ಕೂತಿರುತ್ತದೆ. ಆಂಬ್ರೋಸ್ ದಿನಾ ಬೆಳಿಗ್ಗೆ ಮೀಟರ್ ಹಿಡಿದು ಎಲ್ಲರ ಪಟ್ಟಿಯನ್ನೂ ಪರೀಕ್ಷಿಸಿದ ಮೇಲೆಯೇ ಕೆಲಸ ಶುರು.

ಕೊವಾಲ್ಚುಕ್ ಎಂಬವನಿದ್ದ, ಕಾರು ಕಳ್ಳ, ಕಡ್ಡಿಯಂಥ ಆಸಾಮಿ. ಬಾಯಿ ತೆರೆದರೆ ತಮಾಷೆ. ಕಾವಲುಗಾರ ಪೆನ್ನರನ ಮೇಜಿನ ಕೆಳಗೆ ಹಳೇ ಜಮಖಾನೆಯ ತುಂಡೊಂದಿತ್ತು. ಕೊವಾಲ್ಚುಕ್ ಅದರ ಮೇಲೆ ಉಣ್ಣೆಯ ಕಾಲುಚೀಲ ಉಜ್ಜಿ ಉಜ್ಜಿ ಮೈತುಂಬ ಕಿಡಿ ತುಂಬಿಕೊಳ್ಳುತ್ತಿದ್ದ. ಹಿಂದಿನಿಂದ ಬಂದು ಯಾರದಾದರೂ ಕಿವಿಗೆ ಬೆರಳಿಡುತ್ತಿದ್ದ. ಚಟ್. ನಾವೆಲ್ಲ ನಗುತ್ತಿದ್ದೆವು, ಪೆನ್ನರ್ ಕೂಡ. ಆಂಬ್ರೋಸ್ ಮಾತ್ರ ಬೈಯುತ್ತಿದ್ದ.

ಆ ಚಳಿಗಾಲದ ನಡುವೆ ಗಾರ್ನೆಟ್ ಮಕ್‌ಕ್ವೀನ್ ಬಂದ. ಆಲ್ಬರ್ಟಾದ ದನದ ದೊಡ್ಡಿಗಳಲ್ಲಿ ಬೆಳೆದವನು. ಬಾಗಿಲಲ್ಲಿ ನಿಂತರೆ ಬೆಳಕು ಬರುತ್ತಿರಲಿಲ್ಲ, ಅಂಥ ದೇಹ. ಮಾತು ಇಲ್ಲವೇ ಇಲ್ಲ. ಅಷ್ಟು ದಪ್ಪ ಬೆರಳುಗಳಲ್ಲಿ ಎಳ್ಳಿನಷ್ಟು ಸ್ಕ್ರೂಗಳನ್ನು ಹೂವಿನಂತೆ ಎತ್ತಿಡುತ್ತಿದ್ದ. ಅವನ ಹತ್ತಿರ ತಮಾಷೆ ಬೇಡವೆಂದು ಆಂಬ್ರೋಸ್ ಕೊವಾಲ್ಚುಕನಿಗೆ ಮೊದಲೇ ಹೇಳಿದ್ದ. ಹೇಳಿದ್ದೇ ತಪ್ಪಾಯಿತೋ ಏನೋ.

ಒಂದು ಬೆಳಿಗ್ಗೆ ಗಾರ್ನೆಟ್ ಬಗ್ಗಿ ಕೆಲಸ ಮಾಡುತ್ತಿದ್ದ. ಕೊವಾಲ್ಚುಕ್ ಬೆಕ್ಕಿನಂತೆ ಹೋಗಿ ಅವನ ಕುತ್ತಿಗೆಯ ಹಿಂಭಾಗಕ್ಕೆ ಬೆರಳಿಟ್ಟ. ಕಿಡಿಯ ಸದ್ದು ನನ್ನ ಮೇಜಿನವರೆಗೂ ಕೇಳಿತು.

ಗಾರ್ನೆಟ್ ಎದ್ದದ್ದು ನನಗೆ ಕಾಣಲಿಲ್ಲ. ಕಂಡಾಗ ಕೊವಾಲ್ಚುಕನ ಕೂದಲು ಅವನ ಮುಷ್ಟಿಯಲ್ಲಿತ್ತು. ತೆರೆದಿಟ್ಟ ಕಂಪ್ಯೂಟರಿನ ತಗಡಿನ ಪೆಟ್ಟಿಗೆಯೊಳಕ್ಕೆ ಅವನ ಮುಖವನ್ನು ಕುಟ್ಟುತ್ತಿದ್ದ. ತಗಡಿನ ಅಂಚು ಕೊವಾಲ್ಚುಕನ ಕೆನ್ನೆಯನ್ನು ತುಟಿಯಿಂದ ಕಿವಿಯವರೆಗೆ ಸೀಳಿತು. ಹಲ್ಲುಗಳು ಮದರ್‌ಬೋರ್ಡಿನ ಮೇಲೆ ಉದುರಿದವು. ಗಾರ್ನೆಟ್ ಬೈಯುತ್ತಿರಲಿಲ್ಲ, ಕಿರುಚುತ್ತಿರಲಿಲ್ಲ. ಮರ ಕಡಿಯುವವನ ಹಾಗೆ ಒಂದೇ ಲಯದಲ್ಲಿ ಎತ್ತಿ ಇಳಿಸುತ್ತಿದ್ದ. ಪೆನ್ನರ್ ಗಂಟೆಯ ಗುಂಡಿ ಒತ್ತಿ ದೂರದಿಂದಲೇ ಕೂಗುತ್ತಿದ್ದ.

ಆಂಬ್ರೋಸ್ ಹಿಂದಿನಿಂದ ಹೋಗಿ ಗಾರ್ನೆಟನನ್ನು ಎರಡು ಕೈಯಿಂದ ತಬ್ಬಿ ಹಿಡಿದು ತನ್ನ ಭಾರ ಪೂರ್ತಿ ಬಿಟ್ಟ. ಇಬ್ಬರೂ ನೆಲಕ್ಕುರುಳಿದರು. ಗಾರ್ನೆಟನ ಮೊಣಕೈ ತಗುಲಿ ಆಂಬ್ರೋಸನ ಮೂಗು ಒಡೆಯಿತು. ಆದರೂ ಬಿಡದೆ, ಕಿವಿಯ ಹತ್ತಿರ ಬಾಯಿಟ್ಟು, ಮಗುವಿಗೆ ಹೇಳುವ ಹಾಗೆ ಹೇಳಿದ.

"ಸಾಕು, ಬಿಟ್ಬಿಡು. ನಾನು ಅವತ್ತು ಬಿಡ್ಲಿಲ್ಲ, ನೋಡು ಎಲ್ಲಿದೀನಿ. ನೀನು ಬಿಡು."

ಅಷ್ಟರಲ್ಲಿ ಬೇರೆ ಕಾವಲುಗಾರರು ನುಗ್ಗಿ ಇಬ್ಬರಿಗೂ ಸಮನಾಗಿ ಬಾರಿಸಿದರು.

ಒಂಟಿ ಕೋಣೆಯ ಶಿಕ್ಷೆ ಮುಗಿಸಿ ಬಂದ ಗಾರ್ನೆಟನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. ಆಂಬ್ರೋಸ್ ಪೆನ್ನರನ ಬೆನ್ನು ಹತ್ತಿ ಒಪ್ಪಿಸಿದ. ಆಮೇಲೆ ಒಂದು ಮಧ್ಯಾಹ್ನ, ಯಾರೂ ಕೇಳದೆಯೇ, ಗಾರ್ನೆಟ್ ನಮ್ಮಿಬ್ಬರ ಮುಂದೆ ಬಾಯಿ ಬಿಟ್ಟ. ದನ ಅಟ್ಟಲು ತುದಿಯಲ್ಲಿ ಕರೆಂಟು ಹೊಡೆಯುವ ಕೋಲಿರುತ್ತದಲ್ಲ, ಅದನ್ನು ಅವನ ಅಪ್ಪ ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಂಡಿರುತ್ತಿದ್ದ.

"ನಮ್ಮನ್ನ ಎಬ್ಬಿಸ್ತಿದ್ದಿದ್ದೇ ಅದರಲ್ಲಿ," ಎಂದ ಗಾರ್ನೆಟ್. "ಕುತ್ತಿಗೆ ಹಿಂದೆ ಇಡ್ತಿದ್ದ. ತಮ್ಮ ಉಚ್ಚೆ ಹುಯ್ಕೊಂಡ್ರೆ ಇನ್ನೊಂದ್ಸಲ ಇಡ್ತಿದ್ದ."

ಆಂಬ್ರೋಸ್ ಕೈಪಟ್ಟಿಯೊಂದನ್ನು ತೆಗೆದು ಗಾರ್ನೆಟನ ಮಣಿಕಟ್ಟಿಗೆ ತಾನೇ ಬಿಗಿದ. ಇದು ಕೈಯಲ್ಲಿ ಇರುವಷ್ಟು ಹೊತ್ತು ಯಾವ ಕಿಡಿಯೂ ನಿನ್ನ ಮೈಮೇಲೆ ನಿಲ್ಲುವುದಿಲ್ಲ ಎಂದು ತಿಳಿಸಿದ. ಗಾರ್ನೆಟ್ ಆ ಮಾತನ್ನು ನಂಬಿದ. ಅಂದಿನಿಂದ ಬಂದ ಕೂಡಲೇ ಮೊದಲು ಕಟ್ಟಿಕೊಳ್ಳುವುದು ಪಟ್ಟಿಯನ್ನೇ. ಕೆಲಸವಿಲ್ಲದೆ ಸುಮ್ಮನೆ ಕೂತಾಗಲೂ ಬಿಚ್ಚುತ್ತಿರಲಿಲ್ಲ.

ಕೊವಾಲ್ಚುಕ್ ಆಸ್ಪತ್ರೆಯಿಂದ ಬಂದಾಗ ಅವನ ಮುಖದ ಒಂದು ಪಕ್ಕ ಜೋತುಬಿದ್ದಿತ್ತು. ಒಂದು ಕಣ್ಣು ಮುಚ್ಚುತ್ತಿರಲಿಲ್ಲ. ಬಾಯಿಯ ಮೂಲೆಯಿಂದ ಸೋರುವುದನ್ನು ತೋಳಿಗೆ ಒರೆಸಿಕೊಳ್ಳುತ್ತಲೇ ಇರುತ್ತಿದ್ದ. ಆಂಬ್ರೋಸ್ ಹೇಗಿದ್ದೀಯೆಂದು ವಿಚಾರಿಸಿದಾಗ, "ನಗೋಕ್ ಹೋದ್ರೆ ಜೊಲ್ಲು ಸುರಿಯುತ್ತೆ ಮೂಶಮ್. ಇನ್ನು ತಮಾಷೆ ಎಲ್ಲಿಂದ ಮಾಡ್ಲಿ" ಎಂದನಂತೆ. ನಮ್ಮ ಕೊಠಡಿಯಿಂದ ಅವನನ್ನು ತೆಗೆದಿದ್ದರು. ಸ್ವಲ್ಪ ದಿನಕ್ಕೆ ಅವನೇ ಬೇಡಿಕೊಂಡು ಕಸ ಗುಡಿಸುವ ಕೆಲಸ ಪಡೆದ. ಹೊರಗಿನ ಓಣಿಯ ಜೊತೆಗೆ, ನಾವು ಹೊರಟ ಮೇಲೆ ನಮ್ಮ ಕೊಠಡಿಯನ್ನು ಗುಡಿಸುವುದೂ ಅವನ ಪಾಲಿಗೆ ಬಂತು.

ಆಂಬ್ರೋಸ್ ನೇರವಾಗಿ ಪೆನ್ನರನ ಹತ್ತಿರ ಹೋದ. "ಅವನನ್ನ ಈ ಕೋಣೆಗೆ ಬಿಡ್ಬೇಡಿ ಬಾಸ್. ಕಸ ಬೇಕಾದ್ರೆ ನಾನೇ ಗುಡಿಸ್ತೀನಿ."

"ಪೊರಕೆ ಹಿಡಿಯೋಕೂ ನಿನ್ನ ಅಪ್ಪಣೆ ಬೇಕಾ ಲಾರೋಕ್? ಜೈಲು ನಿಂದಾ, ನಂದಾ?"

ಪೆನ್ನರ್ ಕೆಟ್ಟವನೆಂದು ನಾನು ಹೇಳಲಾರೆ. ಸೋಮಾರಿ. ಹತ್ತಿರ ನಿಂತು ಕಾಯಬೇಕಾದವನು ಬಾಗಿಲು ತೆರೆದು ಕೊವಾಲ್ಚುಕನನ್ನು ಒಳಗೆ ಬಿಟ್ಟು, ಓಣಿಯ ಕೊನೆಯಲ್ಲಿ ಕಾಫಿ ಕುಡಿಯುತ್ತಿದ್ದ.

ಚಳಿ ಇಳಿಯುವ ಹೊತ್ತಿಗೆ ಆಂಬ್ರೋಸನ ಬಿಡುಗಡೆಯ ಮಾತು ಬಂತು. ಒಂದು ಬೆಳಿಗ್ಗೆ ಆ ವಿಷಯಕ್ಕೆ ಅಧಿಕಾರಿಯೊಬ್ಬಳು ಬಂದಿದ್ದಳು. ಅವಳು ಬರುವ ದಿನ ಇಡೀ ಜೈಲಿಗೆ ಮೊದಲೇ ಗೊತ್ತಿತ್ತು. ಕೆಲಸ ಶುರುವಾಗುವ ಮೊದಲೇ ಅವನನ್ನು ಕಚೇರಿಗೆ ಕರೆದುಕೊಂಡು ಹೋದರು. ಹಾಗಾಗಿ ಅಂದು ಪಟ್ಟಿಗಳನ್ನು ಪರೀಕ್ಷಿಸುವವರು ಇರಲಿಲ್ಲ. ನಾವು ಕಾಯೋಣವೆಂದೆವು. ಲಾರಿ ಮಧ್ಯಾಹ್ನ ಬರುತ್ತದೆ, ಶುರುಮಾಡಿ ಎಂದ ಪೆನ್ನರ್.

ಗಾರ್ನೆಟ್ ಎಂದಿನಂತೆ ಕೂತು, ಬಲಗೈಗೆ ಪಟ್ಟಿ ಬಿಗಿದು, ಎಡಗೈಯನ್ನು ಮೇಜಿನ ಉಕ್ಕಿನ ಅಂಚಿಗೆ ಊರಿದ.

ಅವನು ಕೂಗಿಕೊಳ್ಳಲಿಲ್ಲ. ಬಿಗಿದ ಹಲ್ಲಿನ ನಡುವಿನಿಂದ ಯಂತ್ರದ್ದೆಂಬಂಥ ಒಂದು ಗುಂಯ್ ಸದ್ದು ಹೊರಟಿತು. ದೇಹ ಬಿಲ್ಲಿನಂತೆ ಬಾಗಿತು. ಸ್ಟೂಲು ಉರುಳಿತು. ಮೇಜಿನ ಅಂಚು ಹಿಡಿದ ಎಡಗೈ ಮಾತ್ರ ಬಿಡಲೇ ಇಲ್ಲ, ಬೆರಳುಗಳು ಕಬ್ಬಿಣಕ್ಕೆ ಬೆಸೆದ ಹಾಗೆ ಕಚ್ಚಿಕೊಂಡಿದ್ದವು. ನಾವು ಮೂರ್ಛೆರೋಗವೆಂದುಕೊಂಡೆವು. ಆಮೇಲೆ ಸುಟ್ಟ ವಾಸನೆ ಬಂತು.

ಎಲ್ಲರಿಗಿಂತ ಹತ್ತಿರವಿದ್ದವನು ಪೆನ್ನರ್. ಎರಡೂ ಕೈ ಚಾಚಿ ಅವನನ್ನು ಹಿಡಿದೆಳೆಯಲು ಓಡಿದ. ಅದೇ ಹೊತ್ತಿಗೆ ಆಂಬ್ರೋಸ್ ಕಚೇರಿಯಿಂದ ಹಿಂತಿರುಗಿ ಬಾಗಿಲಲ್ಲಿ ಕಾಲಿಟ್ಟ. "ಮುಟ್ಬೇಡಿ" ಎಂದು ಅವನು ಕೂಗಿದ್ದು ನನಗೆ ಕೇಳಿತು, ಪೆನ್ನರನಿಗೆ ಕೇಳಲಿಲ್ಲ. ಆಂಬ್ರೋಸ್ ಒಂದೇ ನೆಗೆತಕ್ಕೆ ನಡುವೆ ಬಂದು ಪೆನ್ನರನ ದವಡೆಗೆ ಹೊಡೆದ. ಹಸಿ ಸೌದೆ ಮುರಿದಂಥ ಸದ್ದು. ಪೆನ್ನರ್ ಹಾರಿ ಕಪಾಟಿಗೆ ಬಡಿದು ಕುಸಿದ. ಅವನ ಮೈಮೇಲೆ ಕೀಬೋರ್ಡುಗಳು ಸುರಿದವು.

ಮೇನ್ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕಿತ್ತು. ಆಂಬ್ರೋಸ್ ಸುತ್ತ ನೋಡಿದ. ಓಣಿಯಲ್ಲಿ, ಬಾಗಿಲಿಗೆ ಹತ್ತಿಕೊಂಡು, ಕೊವಾಲ್ಚುಕ್ ಪೊರಕೆ ಹಿಡಿದು ನಿಂತಿದ್ದ. ಆ ಮುಚ್ಚದ ಕಣ್ಣು ಗಾರ್ನೆಟನ ಮೇಲೇ ನೆಟ್ಟಿತ್ತು. ಆಂಬ್ರೋಸ್ ಅವನ ಕೈಯಿಂದ ಪೊರಕೆ ಕಿತ್ತುಕೊಂಡು ಬಂದು, ಮರದ ಹಿಡಿಯನ್ನು ಪಟ್ಟಿಯ ವಯರಿನ ಅಡಿಗೆ ತೂರಿಸಿ, ಕಾಲನ್ನು ಮೇಜಿಗೆ ಒದ್ದು ಹಿಡಿದು ಮೀಟಿದ. ಎಳೆದರೆ ಸುಲಭವಾಗಿ ಕಳಚಿಕೊಳ್ಳಬೇಕಾದ ಪಟ್ಟಿಯ ಗುಂಡಿ ಕಳಚಲಿಲ್ಲ. ಯಾರೋ ಅದನ್ನು ತಾಮ್ರದ ತಂತಿಯಿಂದ ಸುತ್ತಿ ಬಿಗಿದಿದ್ದರು. ಮತ್ತೆ ಮೀಟಿದಾಗ ಸುರುಳಿ ಹರಿಯಿತು. ಗಾರ್ನೆಟ್ ಧಾನ್ಯದ ಮೂಟೆಯಂತೆ ದೊಪ್ಪೆಂದು ಬಿದ್ದ.

ನಮ್ಮಲ್ಲೊಬ್ಬ ಒತ್ತಿದ ಗಂಟೆಯ ಸದ್ದಿಗೆ ಓಡಿ ಬಂದ ಕಾವಲುಗಾರರಿಗೆ ಕಂಡದ್ದು ಇಷ್ಟು: ರಕ್ತ ಕಾರುತ್ತ ಬಿದ್ದ ಪೆನ್ನರ್, ಉಸಿರಿಲ್ಲದ ಗಾರ್ನೆಟ್, ಕೈಯಲ್ಲಿ ದೊಣ್ಣೆ ಹಿಡಿದು ನಿಂತ ಕೊಲೆಗಾರ ಲಾರೋಕ್. ಕೇಳುವ ಗೋಜಿಗೆ ಹೋಗಲಿಲ್ಲ. ಕಣ್ಣುರಿಯ ಹೊಗೆ ಹಾರಿಸಿದರು, ಲಾಠಿ ಬೀಸಿದರು. ತಲೆಗೆ ಅಡ್ಡ ಹಿಡಿದ ಅವನ ಬಲತೋಳು ಲಟಕ್ಕೆಂದು ಮುರಿದು ನೇತಾಡಿತು. ಅವನನ್ನು ಕೆಡವಿ ಬೆನ್ನ ಮೇಲೆ ಮೂವರು ಮಂಡಿಯೂರಿದರು. ಆ ಬೂಟುಗಳ ಅಡಿಯಿಂದ ಅವನು ನನ್ನ ಹೆಸರು ಹಿಡಿದು ಕೂಗುತ್ತಿದ್ದ.

"ಎದೆ ಒತ್ತೋ. ಕೈ ನೆಟ್ಟಗಿಟ್ಟು ಒತ್ತು. ಯಾರು ಹೊಡೆದ್ರೂ ನಿಲ್ಲಿಸ್ಬೇಡ."

ನಾನು ಗಾರ್ನೆಟನ ಎದೆಯ ಮೇಲೆ ಬಿದ್ದು ಒತ್ತಿದೆ. ಕಣ್ಣು ಕಾಣುತ್ತಿರಲಿಲ್ಲ. ನನ್ನ ಅಂಗೈಯಡಿ ಅವನ ಪಕ್ಕೆಲುಬು ಮುರಿದದ್ದು ತಿಳಿಯಿತು. ಯಾರೋ ನನ್ನ ಸೊಂಟಕ್ಕೆ ಒದ್ದ, ಒತ್ತುತ್ತಲೇ ಇದ್ದೆ. ಇನ್ನೊಂದು ಒದೆ ಬಿತ್ತು. ಕೊನೆಗೆ ಜೈಲಿನ ನರ್ಸು ಬಂದು, ಒದೆಯುತ್ತಿದ್ದವನನ್ನು ತಳ್ಳಿ, ನನ್ನ ಪಕ್ಕದಲ್ಲಿ ಕೂತಳು. ಗಾರ್ನೆಟ್ ಗೊರಕೆಯಂಥ ಒಂದು ಉಸಿರೆಳೆದ. ಆಮೇಲೆ ಇನ್ನೊಂದು.

ಪಟ್ಟಿಯನ್ನು ಬಿಚ್ಚಿ ನೋಡಿದಾಗ ಎಲ್ಲ ತಿಳಿಯಿತು. ಒಳಗಿನ ರೆಸಿಸ್ಟರ್ ಕತ್ತರಿಸಿ ತೆಗೆದಿದ್ದರು. ವಯರಿನ ಬಾಲವನ್ನು ಅರ್ಥಿಂಗಿನಿಂದ ಕಿತ್ತು ನೇರ ಗೋಡೆಯ ಕರೆಂಟಿಗೆ ಸೇರಿಸಿದ್ದರು. ಆಂಬ್ರೋಸ್ ಕಲಿಸಿದ್ದನ್ನು ಕೊವಾಲ್ಚುಕ್ ಅಷ್ಟು ಚೆನ್ನಾಗಿ ಕಲಿತಿದ್ದ. ಅವನು ಅಲ್ಲಗಳೆಯಲೂ ಇಲ್ಲ. ಅವನನ್ನು ಬೇರೆ ಕಟ್ಟಡಕ್ಕೆ ಹಾಕಿ ಹೊಸ ಮೊಕದ್ದಮೆ ಹೂಡಿದರು.

ಆಂಬ್ರೋಸನ ಮೇಲೂ ಮೊಕದ್ದಮೆ ಬಿತ್ತು. ಕಾವಲುಗಾರನ ದವಡೆ ಮುರಿದ ಕೈದಿ ಎಂಬುದೊಂದೇ ಮಾತು ಮೇಲಿನವರಿಗೆ ಸಾಕಾಯಿತು. ಬಿಡುಗಡೆ ರದ್ದಾಯಿತು, ಒಂಟಿ ಕೋಣೆ ಸಿಕ್ಕಿತು. ಮುರಿದ ತೋಳನ್ನು ಓರೆಯಾಗಿಯೇ ಕಟ್ಟಿದರು. ಊಟದ ತಟ್ಟೆಯಲ್ಲಿ ಕಾವಲುಗಾರರು ಉಗುಳಿ ಒಳಗೆ ತಳ್ಳುತ್ತಿದ್ದರು. ಕರೆಂಟು ಹಿಡಿದವನನ್ನು ಮುಟ್ಟಿದರೆ ಮುಟ್ಟಿದವನೂ ಸಾಯುತ್ತಿದ್ದ ಎಂದು ನಾವೆಲ್ಲ ಹೇಳಿದೆವು. ಕೈದಿಗಳ ಸಾಕ್ಷಿಯನ್ನು ಯಾರು ಕೇಳುತ್ತಾರೆ. ಕೇಳುವಂಥ ಸಾಕ್ಷಿ ಹೇಳಬಲ್ಲವನು ಪೆನ್ನರ್ ಒಬ್ಬನೇ, ಅವನ ದವಡೆಗೆ ತಂತಿ ಬಿಗಿದಿತ್ತು. ತಂತಿ ಬಿಚ್ಚಿದ ಮೇಲೂ ಅವನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ, ಕೊವಾಲ್ಚುಕನನ್ನು ಒಬ್ಬನೇ ಆ ಕೊಠಡಿಗೆ ಬಿಟ್ಟವರು ಯಾರೆಂಬ ಪ್ರಶ್ನೆಯೂ ಏಳುತ್ತಿತ್ತು.

ಗಾರ್ನೆಟ್ ಎಡಗೈಯ ಎರಡು ಬೆರಳು ಕಳೆದುಕೊಂಡು ವಾಪಸು ಬಂದ. ಬಲ ಮಣಿಕಟ್ಟಿನ ಸುತ್ತ ಸುಟ್ಟ ಬಳೆಯಂಥ ಕಲೆ. ಮೊದಲೇ ಮೌನಿ, ಈಗ ಪೂರ್ತಿ ಕಲ್ಲು. ಬ್ಯಾಂಡೇಜು ಬದಲಾಯಿಸಲು ಅವನನ್ನು ಚಿಕಿತ್ಸೆಯ ಕೋಣೆಗೆ ಕರೆದೊಯ್ದ ದಿನ, ಕಣ್ಣಿಗೆ ಔಷಧಿ ಹಾಕಿಸಲು ಕೊವಾಲ್ಚುಕನನ್ನೂ ಅಲ್ಲಿಗೇ ತಂದಿದ್ದರು. ಅದು ಮರೆವೋ, ಯಾರಾದರೂ ಬೇಕೆಂದೇ ಮಾಡಿದ್ದೋ, ನನಗೆ ಇಂದಿಗೂ ಗೊತ್ತಿಲ್ಲ. ಗಾರ್ನೆಟನ ಹತ್ತಿರ, ಗದೆಯಂತೆ ಬೀಸಲು ಕಾಲುಚೀಲದೊಳಗೆ ಇಳಿಬಿಟ್ಟ ಒಂದು ಬೀಗವಿತ್ತು. ಬೆಂಚಿನ ಮೇಲೆ ಕೂತಿದ್ದ ಕೊವಾಲ್ಚುಕ್ ಏಳುವ ಮೊದಲೇ ಅದು ಅವನ ತಲೆಗೆ ಬಿತ್ತು. ಅವನು ನೆಲಕ್ಕುರುಳಿದ ಮೇಲೂ ಬೀಳುತ್ತಲೇ ಇತ್ತು. ಕೊವಾಲ್ಚುಕ್ ಮತ್ತೆ ಎಚ್ಚರವಾಗದೆ ಆಸ್ಪತ್ರೆಯಲ್ಲಿ ಸತ್ತ. ಗಾರ್ನೆಟನಿಗೆ ಜೀವಾವಧಿಯಾಯಿತು.

ಆಗ ಒಂಟಿ ಕೋಣೆಗಳಿಗೆ ಊಟ ಸಾಗಿಸುವ ಕೆಲಸ ನನ್ನದಾಗಿತ್ತು. ಬಾಗಿಲಿನ ಕಿಂಡಿಯಲ್ಲಿ ಬಗ್ಗಿ ಆಂಬ್ರೋಸನಿಗೆ ನಾನೇ ಸುದ್ದಿ ಹೇಳಿದೆ. ಅವನು ತಟ್ಟೆಯನ್ನು ತೆಗೆದುಕೊಳ್ಳಲಿಲ್ಲ.

"ಒಂದೇ ಏಟಿಗೆ ನಿಲ್ಲಿಸಿದ್ನಾ?" ಎಂದು ಕೇಳಿದ.

"ಇಲ್ಲ ಮೂಶಮ್."

"ನಿಲ್ಲಿಸೋಕಾಗಲ್ಲ" ಅಂದ. ಅಷ್ಟು ಹೇಳಿ ಮುಖವನ್ನು ಆ ಓರೆ ತೋಳಿನಲ್ಲಿ ಮುಚ್ಚಿಕೊಂಡು ಅತ್ತ. ಅವನು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಅತ್ತದ್ದು ಗಾರ್ನೆಟನಿಗೋ, ಕೊವಾಲ್ಚುಕನಿಗೋ, ಕೆರೆಯ ಮೇಲೆ ಬಿದ್ದವನಿಗೋ ನಾನು ಕೇಳಲಿಲ್ಲ.

ಪೆನ್ನರ್ ಮಾತಾಡಿದ್ದು ಮರುವರ್ಷ, ಕೆಲಸಕ್ಕೆ ರಾಜೀನಾಮೆ ಕೊಟ್ಟ ಮೇಲೆ. ಆಂಬ್ರೋಸನ ವಿಚಾರಣೆಗೆ ತಾನಾಗಿ ಬಂದು, ಆ ಏಟು ಬೀಳದಿದ್ದರೆ ತಾನು ಅಂದೇ ಹೆಣವಾಗುತ್ತಿದ್ದೆನೆಂದು ಹೇಳಿದ. ಹಾಗೆ ಮೊಕದ್ದಮೆ ಬಿದ್ದುಹೋಗಿ, ರದ್ದಾಗಿದ್ದ ಬಿಡುಗಡೆ ಮತ್ತೆ ಸಿಕ್ಕಿ ಆಂಬ್ರೋಸ್ ಹೊರಗೆ ಬಂದ. ತಂಗಿಯ ಮನೆಯ ಹಿಂದಿನ ಶೆಡ್ಡಿನಲ್ಲಿ ಕಂಪ್ಯೂಟರ್, ಟಿವಿ ರಿಪೇರಿ ಮಾಡುತ್ತ ಬದುಕಿದ. ನಾನು ಬಿಡುಗಡೆಯಾದ ಮೇಲೆ ನನ್ನನ್ನೂ ಜೊತೆಗೆ ಸೇರಿಸಿಕೊಂಡ. ಬಲತೋಳು ಪೂರ್ತಿ ಮೇಲೆ ಏಳುತ್ತಿರಲಿಲ್ಲ. ಎತ್ತರದ ಕಪಾಟಿನ ವಸ್ತುಗಳನ್ನೆಲ್ಲ ನಾನೇ ಇಳಿಸಿಕೊಡುತ್ತಿದ್ದೆ. ತಿಂಗಳಿಗೊಮ್ಮೆ ಹಳೇ ಟ್ರಕ್ಕು ಏರಿ, ಗಾರ್ನೆಟನನ್ನು ಸಾಗಿಸಿದ್ದ ದೂರದ ಜೈಲಿಗೆ ಹೋಗಿ ಬರುತ್ತಿದ್ದ. ಹಿಮಗಾಳಿಯಲ್ಲಿ ರಸ್ತೆ ಕಾಣದಿದ್ದರೂ ತಪ್ಪಿಸಲಿಲ್ಲ. ಏನು ಮಾತಾಡಿದಿರಿ ಎಂದರೆ, ಹಾಕಿ ಆಟದ ವಿಷಯ ಅನ್ನುತ್ತಿದ್ದ.

ಹೋದ ವರ್ಷ ಎಲೆ ಉದುರುವ ಕಾಲದಲ್ಲಿ ಅವನು ಆಲೂಗಡ್ಡೆ ಅಗೆಯುತ್ತ ಮಣ್ಣಿನ ಮೇಲೇ ಒರಗಿದ. ಹೃದಯ ನಿಂತಿತ್ತು. ಹೂಳಿ ಬಂದ ಮೇಲೆ ಡೆಲ್ಫಿನ್‌ಳ ಮನೆಯಲ್ಲಿ ಎಲ್ಲರಿಗೂ ಮಾಂಸದುಂಡೆಯ ಸಾರು, ಬ್ಯಾನಕ್ ರೊಟ್ಟಿ. ಆಗ ಗೇಟಿನ ಹತ್ತಿರ ಪೆನ್ನರ್ ಕಂಡ, ಟೋಪಿ ಕೈಯಲ್ಲಿ ಹಿಡಿದು. ನನ್ನ ರಕ್ತ ತಲೆಗೇರಿತು. ಹೋಗಿ ಅವನ ಕೊರಳಪಟ್ಟಿ ಹಿಡಿದೆ.

"ಒಂದು ವರ್ಷ ಸುಮ್ಮನಿದ್ದವನಿಗೆ ಇವತ್ತೇನು ಕೆಲಸ ಇಲ್ಲಿ?"

ಅವನು ಕೈ ಬಿಡಿಸಿಕೊಳ್ಳಲು ನೋಡಲಿಲ್ಲ. ಓರೆ ದವಡೆಯಲ್ಲಿ ಏನೋ ತೊದಲಿದ. ಹೊಡೆದೇಬಿಡುತ್ತಿದ್ದೆನೇನೋ. ಅಷ್ಟರಲ್ಲಿ ಡೆಲ್ಫಿನ್ ಮೆಟ್ಟಿಲಿಳಿದು ಬಂದು ನನ್ನ ಕೈಯನ್ನು ತೆಗೆದಳು. "ಚಳಿ ಇದೆ, ಒಳಗೆ ಬಂದು ಸಾರು ಕುಡಿ," ಎಂದಳು ಅವನಿಗೆ. "ನನ್ನ ಕೈ ಕುಲುಕೋಕೆ ಮಾತ್ರ ಬರ್ಬೇಡ." ಅವನು ಬಾಗಿಲ ಪಕ್ಕ ನಿಂತುಕೊಂಡೇ ಸಾರು ಕುಡಿದು, ಬಟ್ಟಲನ್ನು ತಾನೇ ತೊಳೆದಿಟ್ಟು ಹೋದ.

ಗಾರ್ನೆಟನಿಗೆ ತಿಳಿಸಬೇಕಾಗಿತ್ತು. ಆ ವಾರವೇ ಆಂಬ್ರೋಸನ ಟ್ರಕ್ಕು ತೆಗೆದುಕೊಂಡು ಹೋದೆ. ಅವನಿಗೆ ಸುದ್ದಿ ಹೇಳಿದೆ. ಭೇಟಿಯ ಹೊತ್ತು ಮುಗಿಯುತ್ತ ಬಂದಾಗ, ಉಳಿದ ಬೆರಳುಗಳಿಂದ ಮೇಜನ್ನು ಉಜ್ಜುತ್ತ, ಮುಂದಿನ ತಿಂಗಳು ಯಾರೂ ಬರುವುದಿಲ್ಲ ಅಲ್ಲವೇ ಎಂದ. ನಾನು ಬರುತ್ತೇನೆ ಎಂದೆ.

ಹೋಗುತ್ತಿದ್ದೇನೆ. ಹಾಕಿ ಆಟದ ಬಗ್ಗೆ ನನಗೆ ಅಷ್ಟೇನೂ ತಿಳಿಯದು. ಅವನು ಹೇಳುತ್ತಾನೆ, ನಾನು ಕೇಳುತ್ತೇನೆ.